ನಾಲ್ಕು ಗಂಟೆಗೆ ಅರ್ಧ ಇಳಿಯುತ್ತಿದ್ದ ಷಟರ್

ಮೊನ್ನೆ ವಾರ್ಡಿನಲ್ಲಿ ನರ್ಸ್ ಹುಡುಗಿ ನಮ್ಮ ಯಜಮಾನರ ಅಂಗಿ ಬಿಚ್ಚಿಸಿ ಆಸ್ಪತ್ರೆಯ ಅಂಗಿ ತೊಡಿಸುವಾಗ ಜೇಬಿನಿಂದ ಒಂದು ಪುಟ್ಟ ಬಟ್ಟೆಯ ಚೀಲ ಕೆಳಗೆ ಬಿತ್ತು. ಅಂಗೈಯಗಲದ್ದು, ಗಿಳಿಹಸಿರು ರವಿಕೆ ಬಟ್ಟೆ, ಅಂಚಿಗೆ ಕೆಂಪು ಪೈಪಿಂಗ್.

"ಏನಾಂಟಿ ಇದು, ತಾಯತನಾ?" ಅಂದಳು ಆ ಹುಡುಗಿ.

ಎತ್ತಿ ಮೂಗಿನ ಹತ್ತಿರ ಹಿಡಿದೆ. ಬೀರುವಿನ ನುಸಿಗುಳಿಗೆ ವಾಸನೆ. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಇವರೇ ಹುಡುಕಿ ಜೇಬಿಗೆ ಹಾಕಿಕೊಂಡಿದ್ದಾರೆ, ನನಗೆ ಒಂದು ಮಾತು ಹೇಳಿಲ್ಲ. ಆ ಚೀಲ ಹೊಲಿದವಳು ನಾನೇ. ಒಳಗಿರುವ ಚೀಟಿಯ ಅಕ್ಷರ ಮಾತ್ರ ನನ್ನದಲ್ಲ... ವಿಜಯನಗರದಲ್ಲಿದ್ದ ನಮ್ಮ ಹಳೇ ಡಾಕ್ಟರದ್ದು.

ಮೂರು ದಿನವಾಯಿತು ನಾವು ಇಲ್ಲಿಗೆ ಬಂದು. ಇವರಿಗೆ ಕಾಲು ಊದಿಕೊಂಡಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಇದೇ ಆಸ್ಪತ್ರೆಯ ಒಪಿಡಿಯಲ್ಲಿ ಎರಡು ವರ್ಷದಿಂದ ಇವರನ್ನು ನೋಡುತ್ತಿರುವ ಡಾಕ್ಟರು ಕೆಳಗೆ ಕೂತಿರುತ್ತಾರೆ, ನಾವು ಮೂರನೇ ಮಹಡಿಯಲ್ಲಿ ಇದ್ದೇವೆ. ನಡುವೆ ಇರುವುದು ಒಂದು ಲಿಫ್ಟು. ಅವರು ಯಾವಾಗ ಬಂದು ನೋಡುತ್ತಾರಮ್ಮ ಅಂತ ಕೇಳಿದ್ದಕ್ಕೆ ನರ್ಸು, "ಒಪಿಡಿ ಡಾಕ್ಟರ್ ವಾರ್ಡಿಗೆ ಬರಲ್ಲ ಆಂಟಿ. ಇಲ್ಲಿ ಬೇರೆ ಟೀಮ್ ಇರುತ್ತೆ," ಅಂದಳು. ಆ ಟೀಮಿನವರೂ ಪಾಪ ಒಳ್ಳೆಯವರೇ. ಆದರೆ ಹೊತ್ತಿಗೊಬ್ಬರು ಬರುತ್ತಾರೆ, ಬಂದವರೆಲ್ಲ ಮೊದಲಿಂದ ಶುರು ಮಾಡುತ್ತಾರೆ. ಬಿಪಿ ಎಷ್ಟು ವರ್ಷದಿಂದ? ಯಾವುದಾದರೂ ಮಾತ್ರೆ ಒಗ್ಗಲ್ವಾ? ಹೇಳೀ ಹೇಳೀ ನನ್ನ ನಾಲಿಗೆ ಸವೆದುಹೋಗಿದೆ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿದೆ.

ವಿಜಯನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇತ್ತು. ಬ್ಲೌಸು, ಫಾಲ್ಸು, ಜಿಗ್‌ಜಾಗು. ಗೋಡೆ ಆಚೆಗೆ ನಮ್ಮ ಡಾಕ್ಟರ ಕ್ಲಿನಿಕ್ಕು. ಎರಡೂ ಒಂದೇ ಅಳತೆಯ ಗೂಡು. ನನ್ನ ಮಿಷನ್ನಿನ ಸದ್ದು ಅವರಿಗೆ ಕೇಳುತ್ತಿತ್ತು, ಅವರ ರೋಗಿಗಳ ಕೆಮ್ಮು ನನಗೆ ಕೇಳುತ್ತಿತ್ತು. ಕುಳ್ಳಗೆ, ದಪ್ಪ ಕನ್ನಡಕ, ಬಿಳಿ ಅರ್ಧ ತೋಳಿನ ಅಂಗಿ. ಮಾತು ಕಮ್ಮಿ. ನಾಡಿ ಹಿಡಿದುಕೊಂಡು ಮನೆ ಸಮಾಚಾರ ಕೇಳುತ್ತಿದ್ದರು, ಅಷ್ಟೇ. ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಮಧ್ಯಾಹ್ನ ಎರಡರವರೆಗೆ ಜಪ್ಪಯ್ಯ ಅಂದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಊಟ ಮಾಡಿ ಮೂರಕ್ಕೆ ಮತ್ತೆ ಹಾಜರು.

ನಾಲ್ಕು ಗಂಟೆಗೆ ಮಾತ್ರ ಷಟರ್ ಅರ್ಧ ಇಳಿಸಿಬಿಡುತ್ತಿದ್ದರು. ಪೂರ್ತಿ ಇಳಿಸಿದರೆ ಜನ ಹೊರಟುಹೋಗುತ್ತಾರೆ, ಅರ್ಧ ಇಳಿಸಿದರೆ ಡಾಕ್ಟರು ಇಲ್ಲೇ ಎಲ್ಲೋ ಇದ್ದಾರೆ ಅಂತ ಕಾಯುತ್ತಾರೆ. ಬೀಗದ ಕೈ ನನ್ನ ಮೇಜಿನ ಮೇಲಿಟ್ಟು "ಬಂದೆ ಕಣಮ್ಮ" ಅನ್ನುತ್ತಿದ್ದರು. ಬರುತ್ತಿದ್ದುದು ಆರಕ್ಕೋ ಆರೂವರೆಗೋ. ಹೋಗುತ್ತಿದ್ದುದು ಎಲ್ಲಿಗೆ? ಆಸ್ಪತ್ರೆಗೆ. ತಮ್ಮ ರೋಗಿಗಳಲ್ಲಿ ಯಾರಾದರೂ ದೊಡ್ಡ ಆಸ್ಪತ್ರೆಗೆ ಸೇರಿದ್ದರೆ ನೋಡುವುದಕ್ಕೆ.

ಡಾಕ್ಟರಾಗಿ ಅಲ್ಲ, ಹಾಗೆ ಹೋಗುವುದಕ್ಕೆ ಅಲ್ಲಿ ಅವರಿಗೆ ಏನು ಅಧಿಕಾರ? ನೆಂಟರು ಹೋಗುವ ಹಾಗೆ ವಿಸಿಟಿಂಗ್ ಅವರ್ಸ್‌ನಲ್ಲಿ ಕ್ಯೂ ನಿಂತು, ಪಾಸ್ ತಗೊಂಡು, ಕೈಯಲ್ಲಿ ಎರಡು ಮೋಸಂಬಿ ಹಿಡಿದು ಹೋಗುತ್ತಿದ್ದರು. ಒಂದು ಸಲ ನಾನು ತಮಾಷೆಗೆ, "ಎರಡೇ ಯಾಕೆ ಡಾಕ್ಟ್ರೇ, ಅರ್ಧ ಡಜನ್ ತಗೊಂಡೋಗಿ," ಅಂದಿದ್ದೆ. "ಬರಿಗೈಲಿ ಹೋದ್ರೆ ವಾಚ್‌ಮನ್ ಬಿಡಲ್ಲ, ಜಾಸ್ತಿ ತಗೊಂಡೋದ್ರೆ ಬೀಗರು ಅಂದ್ಕೋತಾರೆ," ಅಂದರು. ಅವರ ಬಾಯಲ್ಲಿ ತಮಾಷೆ ಬಂದಿದ್ದು ನಾನು ಕಂಡಂತೆ ಅದೊಂದೇ.

ಅಲ್ಲಿ ಹೋಗಿ ಏನು ಮಾಡುತ್ತಿದ್ದರು ಅಂತ ನನಗೆ ಗೊತ್ತಾಗಿದ್ದು ಹೂವಿನಮ್ಮನಿಂದ. ನಮ್ಮ ಅಂಗಡಿ ಎದುರು ಕೂತು ಹೂವು ಮಾರುತ್ತಿದ್ದವಳು, ಒಂದು ಸಲ ಜ್ವರ ತಲೆಗೇರಿ ಆಸ್ಪತ್ರೆ ಸೇರಿದ್ದಳು. ಅಲ್ಲಿನ ಡಾಕ್ಟರು ಕೇಳಿದ್ದಕ್ಕೆಲ್ಲ "ಚೆನ್ನಾಗಿದೀನಿ ಸಾರ್" ಅನ್ನುವುದು. ಇಲ್ಲವಾದರೆ ಇನ್ನೂ ನಾಲ್ಕು ದಿನ ಇಟ್ಟುಕೊಳ್ಳುತ್ತಾರೆ ಅಂತ ಭಯ. ನಮ್ಮ ಡಾಕ್ಟರು ಹೋಗಿ ಸ್ಟೂಲಿನ ಮೇಲೆ ಕೂತು, "ಇವತ್ತು ಮಲ್ಲಿಗೆ ಹೆಂಗಿತ್ತಮ್ಮ ಮಾರ್ಕೆಟಲ್ಲಿ?" ಅಂದರಂತೆ. ಬೇರೆ ದಿನವಾಗಿದ್ದರೆ ಅರ್ಧ ಗಂಟೆ ಮಾರ್ಕೆಟ್ಟಿನವರಿಗೆ ಶಾಪ ಹಾಕುತ್ತಿದ್ದಳು. ಅವತ್ತು ಸುಮ್ಮನೆ ತಲೆ ಆಡಿಸಿದಳು. ಅವರು ಎದ್ದುಹೋಗಿ ಡ್ಯೂಟಿ ಡಾಕ್ಟರಿಗೆ, "ಈಯಮ್ಮ ಹುಷಾರಾಗಿಲ್ಲ, ಇನ್ನೊಂದು ಸಲ ನೋಡಿ," ಅಂತ ಹೇಳಿಬಂದರು. ಕೆಲವರು ಅಂಥ ಮಾತು ಕೇಳಿಸಿಕೊಳ್ಳುತ್ತಿದ್ದರಂತೆ, ಕೆಲವರು ಯಾರು ಈ ಮುದುಕ ಅಂತ ನೋಡುತ್ತಿದ್ದರಂತೆ. ಒಬ್ಬೊಬ್ಬರಿಗೂ ಅವರ ಹತ್ತಿರ ಇಂಥದೊಂದು ಪ್ರಶ್ನೆ ಇರುತ್ತಿತ್ತು. ಥರ್ಮಾಮೀಟರು ಅವರಿಗೆ ಆಮೇಲಿನ ಮಾತು.

ಇದೆಲ್ಲ ಈಗ ದೊಡ್ಡ ಗುಣ ಅಂತ ಬರೆಯುತ್ತಿದ್ದೇನೆ. ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಯುವವರೆಲ್ಲ ನನ್ನ ಅಂಗಡಿಯೊಳಗೆ ಬಂದು ಕೂರುತ್ತಿದ್ದರು. ಮಕ್ಕಳು ದಾರದ ಉಂಡೆ ಎಳೆದಾಡುತ್ತಿದ್ದವು. "ಡಾಕ್ಟ್ರು ಯಾವಾಗ ಬರ್ತಾರಕ್ಕ?" ಅಂತ ನೂರು ಸಲ. ನಾನೇನು ಅವರ ಕಾಂಪೌಂಡರಾ?

ಒಂದು ದಿನ ಬ್ಯಾಡರಹಳ್ಳಿಯಿಂದ ಅಮ್ಮ ನನ್ನನ್ನು ನೋಡಲು ಬಂದಿದ್ದಳು. ಅಮ್ಮನಿಗೆ ಮೊದಲಿಂದಲೂ ಉಬ್ಬಸ. ಬಸ್ಸಿನ ಹೊಗೆಯೋ ಏನೋ, ಅಂಗಡಿಗೆ ಬಂದು ಕೂತವಳೇ ಕುಯ್ ಕುಯ್ ಅಂತ ಎಳೆಯತೊಡಗಿದಳು. ನೋಡನೋಡುತ್ತ ತುಟಿ ನೀಲಿ. ನಾನು ಅಮ್ಮನನ್ನು ತಬ್ಬಿ ಹಿಡಿದು ಪಕ್ಕಕ್ಕೆ ಓಡಿದರೆ... ಷಟರ್ ಅರ್ಧ ಇಳಿದಿದೆ. ನಾಲ್ಕೂವರೆ. ಡಾಕ್ಟರು ಹೂವಿನಮ್ಮನನ್ನು ನೋಡಲು ಹೋಗಿದ್ದರು. ಫೋನ್ ಮಾಡಿದರೆ ಸ್ವಿಚ್ ಆಫ್. ಆ ಬೆಂಚಿನ ಮೇಲೆ ಅಮ್ಮನನ್ನು ಕೂರಿಸಿಕೊಂಡು, ಈಗ ಬರುತ್ತಾರೆ ಈಗ ಬರುತ್ತಾರೆ ಅಂತ ದಾರಿ ನೋಡಿದ್ದೇ ತಪ್ಪಾಯಿತು. ಕೊನೆಗೆ ಆಟೋದವರೊಬ್ಬರು ಎತ್ತಿ ಹಾಕಿಕೊಂಡು ನರ್ಸಿಂಗ್ ಹೋಮಿಗೆ ಬಿಟ್ಟರು. ಬದುಕಿಕೊಂಡಳು, ಆ ಮಾತು ಬೇರೆ.

ಮಾರನೇ ದಿನ ಡಾಕ್ಟರು ಬಂದು ಷಟರ್ ಎತ್ತುತ್ತಿದ್ದ ಹಾಗೇ ರೋಗಿಗಳೆಲ್ಲರ ಎದುರಿಗೆ ಮಂಗಳಾರತಿ ಎತ್ತಿದೆ.

"ಆಸ್ಪತ್ರೇಲಿ ಡಾಕ್ಟ್ರುಗಳಿಗೇನು ಬರಗಾಲನಾ? ನೀವು ಹೋಗಿ ಮೋಸಂಬಿ ಕೊಟ್ರೇನೇ ಅವ್ರು ವಾಸಿಯಾಗೋದಾ? ಇಲ್ಲಿ ನಮ್ಮಮ್ಮ ಸಾಯ್ತಾ ಇದ್ಲು! ಕ್ಲಿನಿಕ್ ಡಾಕ್ಟ್ರು ಅಂದ್ಮೇಲೆ ಕ್ಲಿನಿಕ್ಕಲ್ಲಿ ಇರ್ಬೇಕು, ಅಷ್ಟೇ!"

ಬೆಂಚಿನ ಮೇಲಿದ್ದವರೆಲ್ಲ ಹೌದು ಹೌದು ಅಂದರು. ಅವರಿಗೂ ಅದೇ ಬೇಕಿತ್ತು, ಬಾಯಿ ಬಿಟ್ಟವಳು ನಾನು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ ಕಣಮ್ಮ" ಅಂದರು. ಅಷ್ಟೇ.

ಅವತ್ತಿನಿಂದ ನಾಲ್ಕು ಗಂಟೆಗೆ ಷಟರ್ ಇಳಿಯಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಹೂವಿನಮ್ಮ ಎಂಟು ದಿನದ ಮೇಲೆ ಮನೆಗೆ ಬಂದು, ಇನ್ನೊಂದು ತಿಂಗಳಿಗೆ ತನ್ನ ಜಾಗದಲ್ಲಿ ಕೂತಳು. "ದಿನಾ ನಾಲ್ಕ್ ಗಂಟೆಗೆ ಬಾಗ್ಲು ಕಡೇನೇ ನೋಡ್ತಿದ್ದೆ ಕಣಕ್ಕ, ಬರ್ಲೇ ಇಲ್ಲ," ಅಂದಳು. ಯಾರು ನಿಲ್ಲಿಸಿದ್ದು ಅಂತ ಅವಳಿಗೆ ಯಾರೋ ಹೇಳಿರಬೇಕು. ಮೊದಲೆಲ್ಲ ಮೊಳ ಅಳೆದ ಮೇಲೆ ಒಂದು ಗೇಣು ಹೂವು ಸೇರಿಸಿ ಕೊಡುತ್ತಿದ್ದವಳು ಆಮೇಲೆ ನನಗೆ ಸರಿಯಾಗಿ ಮೊಳ ಅಳೆದು ಕತ್ತರಿಸಿ ಕೊಡುತ್ತಿದ್ದಳು.

ಅಮ್ಮ ನನ್ನ ಜೊತೆಗೇ ಇರಲು ಬಂದಳು. ಉಬ್ಬಸ ಮತ್ತೆ ಹಾಗೆ ಕೆರಳಬಾರದು ಅಂತ ಡಾಕ್ಟರು ಬಿಳಿಯ ಸಣ್ಣ ಮಾತ್ರೆಯೊಂದನ್ನು ದಿನಾ ತಗೊಳ್ಳಲು ಕೊಟ್ಟರು. ಚೀಟಿಯಲ್ಲಿ ಬರೆದು ಮೆಡಿಕಲ್ ಶಾಪಿಗೆ ಕಳಿಸುವ ಪದ್ಧತಿ ಅವರದಲ್ಲ. ಡಬ್ಬಿಯಿಂದ ಎಣಿಸಿ, ಕಾಗದದ ಪೊಟ್ಟಣ ಕಟ್ಟಿ ಕೈಗೆ ಕೊಡುವುದು. ಹೆಸರಿಲ್ಲ, ಏನಿಲ್ಲ. ಅಮ್ಮ ಆ ಪೊಟ್ಟಣವನ್ನು ತನ್ನ ಎಲೆ ಅಡಿಕೆ ಸಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬೆಳಿಗ್ಗೆ ಕಾಫಿ ಆದ ಮೇಲೆ ಮೊದಲು ಮಾತ್ರೆ, ಆಮೇಲೆ ಎಲೆ. ಎರಡು ವರ್ಷ ಅಮ್ಮ ಗುಂಡುಕಲ್ಲಿನ ಹಾಗೆ ಇದ್ದಳು. ಆ ಮಾತ್ರೆಯ ಬಗ್ಗೆ ನಾನು ಯೋಚನೆ ಮಾಡುವುದನ್ನೇ ಬಿಟ್ಟಿದ್ದೆ.

ಆಮೇಲೆ ಅಮ್ಮನಿಗೆ ನ್ಯುಮೋನಿಯಾ ಆಯಿತು. ಭಾನುವಾರ, ಕ್ಲಿನಿಕ್ ಇರಲಿಲ್ಲ. ನಾನೂ ಇವರೂ ಸೇರಿ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಯಾವ ಯಾವ ಮಾತ್ರೆ ತಗೋತಾರೆ ಅಂತ ಕೇಳಿದರು. ಮನೆಯಲ್ಲಿದ್ದ ಸ್ಟ್ರಿಪ್ಪುಗಳನ್ನೆಲ್ಲ ತಂದು ಸುರಿದೆ. ಎಲೆ ಅಡಿಕೆ ಎಲ್ಲ ಇಲ್ಲಿ ಆಗಲ್ಲ ಅಂದರು. ಅಮ್ಮನ ಸೊಂಟದಿಂದ ಸಂಚಿ ಬಿಚ್ಚಿ ಮನೆಗೆ ತಂದು ಮೊಳೆಗೆ ನೇತುಹಾಕಿದೆ. ಈ ಕೈಯಿಂದಲೇ.

ಸೋಮವಾರ ನಾನು ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡು ಬರುವಾಗ ಡಾಕ್ಟರು ಕೇಳಿದರು. "ಏನಮ್ಮ, ನಿಮ್ಮಮ್ಮ ಕಾಣ್ತಾ ಇಲ್ಲ?"

ಹೇಳಬಹುದಿತ್ತು. ಯಾವ ಮುಖ ಇಟ್ಟುಕೊಂಡು ಹೇಳಲಿ? ಅವರನ್ನು ಕೇಳದೆ ಬೇರೆ ಕಡೆ ಸೇರಿಸಿದ್ದು ಒಂದು ಸಂಕೋಚ. ನಾನೇ ಹಂಗಿಸಿ ನಿಲ್ಲಿಸಿದವಳು, ಈಗ ನಮ್ಮಮ್ಮನನ್ನು ಮಾತ್ರ ಬಂದು ನೋಡಿ ಅನ್ನಲಾ? ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. "ಊರಿಗೆ ಹೋಗಿದಾಳೆ ಡಾಕ್ಟ್ರೇ," ಅಂದುಬಿಟ್ಟೆ.

ಎರಡು ದಿನ ಅಮ್ಮ ಸುಮಾರಾಗಿದ್ದಳು. ಜ್ವರ ಇಳಿಯಿತು ಅಂದರು. ಆದರೆ ಮೂರನೇ ದಿನದಿಂದ ಏನು ತಿಂದರೂ ವಾಂತಿ, ಕಣ್ಣು ಬಿಡುವುದಕ್ಕೂ ತ್ರಾಣವಿಲ್ಲ. ಬಿಪಿ ಇಳಿಯುತ್ತಲೇ ಹೋಯಿತು. ಡಾಕ್ಟರುಗಳು ಬಂದರು, ಹೋದರು, ಪರೀಕ್ಷೆ ಮಾಡಿಸಿದರು. ಯಾರನ್ನು ಅಂತ ದೂರಲಿ, ಅವರಿಗೆ ಕೊಟ್ಟ ಲೆಕ್ಕದಲ್ಲಿ ಆ ಬಿಳಿ ಮಾತ್ರೆಯೇ ಇರಲಿಲ್ಲ. ಅಮ್ಮ ಮಾತ್ರ ಒಂದೆರಡು ಸಲ ನನ್ನ ಸೆರಗು ಹಿಡಿದು, "ನನ್ ಸಂಚಿ ತಂದ್ಕೊಡೇ..." ಅಂದಳು.

"ಇಂಥ ಹೊತ್ತಲ್ಲೂ ನಿನಗೆ ಎಲೆ ಅಡಿಕೆ ಬೇಕೇನಮ್ಮಾ?" ಅಂತ ಗದರಿದೆ.

ಅಯ್ಯೋ ಶಿವನೇ.

ಐದನೇ ದಿನ ತಡೆಯಲಾಗಲಿಲ್ಲ. ಮಾನ ಮರ್ಯಾದೆ ಎಲ್ಲ ಬಿಟ್ಟು ಕ್ಲಿನಿಕ್ಕಿಗೆ ಓಡಿದೆ. ಬೆಂಚಿನ ತುಂಬ ಜನ. ಒಳಗೆ ನುಗ್ಗಿ ಅಳುತ್ತಾ ಹೇಳಿದೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

"ಆ ಮಾತ್ರೆ ಕೊಡ್ತಾ ಇದೀರಾ?"

"ಯಾವ ಮಾತ್ರೆ?" ಅಂದೆ ನಾನು.

ಅವರ ಮುಖ ಹೇಗಾಯಿತು ಅಂತ ಬರೆಯಲಾರೆ. ಷಟರನ್ನು ಅರ್ಧವೂ ಇಳಿಸದೆ, ಬೀಗದ ಕೈಯನ್ನೂ ತೆಗೆದುಕೊಳ್ಳದೆ ನನ್ನ ಜೊತೆ ಆಟೋ ಹತ್ತಿದರು. ಬೆಳಿಗ್ಗೆ ಹನ್ನೊಂದು ಗಂಟೆ, ವಿಸಿಟರ್ಸ್ ಬಿಡುವ ಹೊತ್ತಲ್ಲ. ವಾಚ್‌ಮನ್ ತಡೆದ. ಅಷ್ಟು ವರ್ಷದಲ್ಲಿ ಅವರು ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿದ್ದು ಅವತ್ತೇ. "ನಾನು ಆಕೆ ಡಾಕ್ಟರು ಕಣಯ್ಯ, ಬಿಡು ಒಳಗೆ!" ಒಳಗಿನ ಡಾಕ್ಟರಿಗೆ ಅವರು ವಿವರಿಸಿದ್ದು ನನಗೆ ಅರ್ಥವಾದ ಮಟ್ಟಿಗೆ ಇಷ್ಟು: ಅದು ವರ್ಷಗಟ್ಟಲೆ ತಗೊಂಡ ಮೇಲೆ ದಿಢೀರನೆ ನಿಲ್ಲಿಸಬಾರದ ಮಾತ್ರೆ, ಅದರಲ್ಲೂ ಕಾಯಿಲೆ ಬಿದ್ದಾಗ. ತಕ್ಷಣ ಇಂಜೆಕ್ಷನ್ ಶುರು ಮಾಡಿದರು. ಸಂಜೆಗೆ ಅಮ್ಮ ಕಣ್ಣು ಬಿಟ್ಟಳು. ಸ್ಟೂಲಿನ ಮೇಲೆ ಕೂತಿದ್ದ ಡಾಕ್ಟರನ್ನು ನೋಡಿ, ಬೊಚ್ಚುಬಾಯಲ್ಲಿ ನಕ್ಕಳು. ಸೋಂಕು ಅಷ್ಟು ಹೊತ್ತಿಗೆ ಬೇರೆ ಕಡೆಗೂ ಹಬ್ಬಿತ್ತು. ಎರಡು ದಿನ ಆದ ಮೇಲೆ ಹೋಗಿಬಿಟ್ಟಳು.

ಅವಳು ಕೇಳಿದ್ದು ಎಲೆಯನ್ನೋ, ಮಾತ್ರೆಯನ್ನೋ... ಇವತ್ತಿಗೂ ಗೊತ್ತಿಲ್ಲ.

ವೈಕುಂಠ ಸಮಾರಾಧನೆ ಮುಗಿದು ನಾನು ಅಂಗಡಿ ತೆಗೆದ ದಿನ ಡಾಕ್ಟರು ಬಂದು ಎದುರಿಗೆ ಕೂತರು. ನಾನು ತಲೆ ಎತ್ತಲಿಲ್ಲ. "ಅದೊಂದೇ ಕಾರಣ ಅಲ್ಲ ಕಣಮ್ಮ," ಅಂದರು. ನಿಜ ಹೇಳಿದರೋ ನನಗೆ ಸಮಾಧಾನ ಆಗಲಿ ಅಂತ ಹೇಳಿದರೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರೇ ಮತ್ತೆ, "ತಪ್ಪು ನಿಂದಷ್ಟೇ ಅಲ್ಲ. ನನ್ನ ತಲೇಲಿದೆಯಲ್ಲ ಅಂತ ನಾನೂ ಬರೆದು ಕೊಡ್ಲಿಲ್ಲ. ನಾನು ಹೋಗೋನು, ಹೋಗಿ ಹೇಳೋನು, ಹಂಗಾಗಿ ಬರೆಯೋ ಅಭ್ಯಾಸಾನೇ ಆಗ್ಲಿಲ್ಲ. ಹೋಗೋದು ನಿಲ್ಲಿಸಿದ್ಮೇಲಾದ್ರೂ ಬರೀಬೇಕಿತ್ತು," ಅಂದರು. ಕೈಯಲ್ಲಿ ದಪ್ಪ ಕಾಗದದ ಒಂದು ಕಟ್ಟು ಇತ್ತು. ಒಬ್ಬೊಬ್ಬರಿಗೂ ಒಂದೊಂದು ಚೀಟಿ ಬರೆಯುತ್ತೇನೆ, ಕಳೆದುಹೋಗದ ಹಾಗೆ ಇಟ್ಟುಕೊಳ್ಳಲು ಒಂದು ಚೀಲ ಹೊಲಿದುಕೊಡುತ್ತೀಯಾ ಅಂತ ಕೇಳಿದರು.

ರವಿಕೆ ಕತ್ತರಿಸಿ ಉಳಿದ ಚೂರುಗಳಲ್ಲಿ ಹೊಲಿದೆ. ಎಷ್ಟು ಹೊಲಿದೆನೋ ಲೆಕ್ಕ ಇಟ್ಟಿಲ್ಲ. ಮೊದಲನೆಯದು ಹೂವಿನಮ್ಮನಿಗೆ. ಚೀಟಿಯಲ್ಲಿ ಮೇಲೆ ಇಂಗ್ಲಿಷಿನಲ್ಲಿ ಕಾಯಿಲೆ, ಮಾತ್ರೆ, ಯಾವುದು ಒಗ್ಗುವುದಿಲ್ಲ ಅನ್ನುವುದು. ಕೊನೆಯಲ್ಲಿ ಕನ್ನಡದಲ್ಲಿ ಒಂದು ಸಾಲು. ಅವರು ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದ ಪ್ರಶ್ನೆ ಅದು. ಹೂವಿನಮ್ಮನ ಚೀಟಿಯಲ್ಲಿ "ಮಲ್ಲಿಗೆ ಬೆಲೆ ಕೇಳಿ. ಬೈಯದಿದ್ದರೆ ಮನೆಗೆ ಕಳಿಸಬೇಡಿ" ಅಂತ ಇತ್ತು. ಅವಳು ಓದಿಸಿಕೊಂಡು ನಕ್ಕು, ಅವತ್ತು ನನ್ನ ಮೊಳಕ್ಕೆ ಒಂದು ಗೇಣು ಸೇರಿಸಿದಳು.

ನಾಲ್ಕು ಗಂಟೆಗೆ ಮತ್ತೆ ಷಟರ್ ಅರ್ಧ ಇಳಿಯತೊಡಗಿತು. ಕಾಯುವವರನ್ನು ನಾನೇ ಕರೆದು ಕೂರಿಸುತ್ತಿದ್ದೆ. ಯಾರಿಗಾದರೂ ಜೋರಾದರೆ ಇಂಥ ನರ್ಸಿಂಗ್ ಹೋಮಿಗೆ ಓಡಿ ಅಂತ ಬೆಂಚಿನ ಮೇಲೆ ಬೋರ್ಡು ಬರೆಸಿ ಹಾಕಿಸಿದೆ, ಗುರುತಿನ ಆಟೋದವರ ನಂಬರು ಸಮೇತ. ಆ ಕೆಲಸವನ್ನು ಕಿರುಚುವ ಬದಲು ಮೊದಲೇ ಮಾಡಿದ್ದರೆ... ಹೋಗಲಿ. ಒಪಿಡಿ ಡಾಕ್ಟರು ವಾರ್ಡಿಗೂ ಹೋಗಬೇಕಾ ಬೇಡವಾ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಉತ್ತರ ಅಲ್ಲ. ಬೆಂಚಿನ ಮೇಲೆ ಕೂತವಳ ಉತ್ತರ ಬೇರೆ, ಮಂಚದ ಮೇಲೆ ಮಲಗಿದವಳ ಉತ್ತರ ಬೇರೆ. ನಮ್ಮಮ್ಮ ಎರಡೂ ಕಡೆ ಇದ್ದಳು.

ವಯಸ್ಸಾಗಿ ಮಂಡಿ ಹಿಡಿದ ಮೇಲೆ ಡಾಕ್ಟರು ಆಸ್ಪತ್ರೆಗೆ ಹೋಗುವುದು ತಾನಾಗಿ ನಿಂತಿತು. ಆಮೇಲೆ ಕ್ಲಿನಿಕ್ಕೂ ನಿಂತಿತು. ಕೊನೆಗೆ ಅವರೇ ಆಸ್ಪತ್ರೆ ಸೇರಿದಾಗ ನಾವೆಲ್ಲ ಮೋಸಂಬಿ ಹಿಡಿದು ಹೋದೆವು. ಒಬ್ಬ ರೋಗಿಗೆ ಎರಡೇ ಪಾಸು ಅಂದರು. ಆ ಎರಡು ಪಾಸನ್ನೇ ಕೈಯಿಂದ ಕೈಗೆ ದಾಟಿಸಿಕೊಂಡು ಒಬ್ಬೊಬ್ಬರೇ ಒಳಗೆ ಹೋಗಿ ಬಂದೆವು. ನನ್ನನ್ನು ನೋಡಿ ಬೆರಳು ಆಡಿಸಿ, ಮಿಷನ್ ಓಡುತ್ತಿದೆಯಾ ಅನ್ನುವ ಹಾಗೆ ಸನ್ನೆ ಮಾಡಿದರು. ಹೂಂ ಅಂದೆ. ಅಂಗಡಿ ಮುಚ್ಚಿ ತಿಂಗಳಾಗಿತ್ತು.

ಇವತ್ತು ಬೆಳಿಗ್ಗೆ ಕ್ಯಾಂಟೀನಿನಿಂದ ತಂದ ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು. ಇವರು ಲೋಟ ಇಸಿದುಕೊಂಡು ಮಾತಿಲ್ಲದೆ ಕುಡಿದರು. ಮದುವೆಯಾದಂದಿನಿಂದ ಕಾಫಿಗೆ ಕೊಕ್ಕೆ ತೆಗೆಯದೆ ಕುಡಿದ ಮನುಷ್ಯ ಅಲ್ಲ ಇವರು. ರೌಂಡ್ಸಿಗೆ ಬಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮನಿಗೆ ಹೇಳಿದೆ. ರಿಪೋರ್ಟ್ ನೋಡಿ, "ಎಲ್ಲಾ ನಾರ್ಮಲ್ ಇದೆ ಆಂಟಿ," ಅಂದಳು. ಏನು ಮಾಡಲಿ? ಚೀಲ ಬಿಚ್ಚಿ ಚೀಟಿ ಕೈಗಿಟ್ಟೆ. ಮೇಲಿನ ಇಂಗ್ಲಿಷು ಓದಿದಳು. ಆಮೇಲೆ ಕೊನೆಯ ಸಾಲು, ಅಕ್ಷರ ಕೂಡಿಸಿಕೊಂಡು, ಗಟ್ಟಿಯಾಗಿ: "ಕಾಫಿ ಬಗ್ಗೆ ತಕರಾರು ಮಾಡದಿದ್ದರೆ ಇವರಿಗೆ ನಿಜವಾಗಿ ಹುಷಾರಿಲ್ಲ."

ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು. ಇವರ ನಾಡಿ ಹಿಡಿದು ಮುಖವನ್ನೇ ನೋಡಿದಳು. "ಇನ್ನೊಂದ್ಸಲ ಬ್ಲಡ್ ಕಳಿಸೋಣ," ಅಂತ ನರ್ಸಿಗೆ ಹೇಳಿ ನನ್ನ ಕಡೆ ತಿರುಗಿದಳು.

"ಈ ಡಾಕ್ಟರ್ ನಂಬರ್ ಇದೆಯಾ ಆಂಟಿ? ಇವರು ಅವರಿಗೆ ಚೆನ್ನಾಗಿ ಗೊತ್ತಿರೋ ಹಂಗಿದೆ. ಒಂದ್ಸಲ ಮಾತಾಡ್ತೀನಿ."

ಅವರು ಕ್ಯೂನಲ್ಲಿ ನಿಂತು, ವಾಚ್‌ಮನ್ ಹತ್ತಿರ ಅನ್ನಿಸಿಕೊಂಡು, ಎಷ್ಟು ವಾರ್ಡುಗಳ ಬಾಗಿಲಲ್ಲಿ ಕಾದಿದ್ದರು, ಯಾರಾದರೂ ಈ ಮಾತು ಕೇಳಲಿ ಅಂತ. "ಇಲ್ಲಮ್ಮ, ತೀರಿಕೊಂಡು ಆರು ವರ್ಷ ಆಯ್ತು," ಅಂದೆ. ಆ ಹುಡುಗಿ ಚೀಟಿಯನ್ನು ಮಡಚಿ, ಚೀಲದೊಳಗೆ ಹಾಕಿ, ದಾರ ಎಳೆದು ನನ್ನ ಕೈಗೆ ಕೊಟ್ಟಳು.

ರಕ್ತ ತಗೊಂಡು ಹೋಗಿದ್ದಾರೆ. ರಿಪೋರ್ಟ್ ಇನ್ನೂ ಬಂದಿಲ್ಲ. ಇವರು ಕಣ್ಣು ಮುಚ್ಚಿಕೊಂಡು ಮಲಗಿದ್ದಾರೆ. ಈಗ ನಾಲ್ಕು ಗಂಟೆ, ಕೆಳಗೆ ವಿಸಿಟರ್ಸ್ ಬಿಡಲು ಶುರು ಮಾಡಿದರು ಅಂತ ಕಾಣುತ್ತದೆ, ಲಿಫ್ಟಿನ ಬಾಗಿಲು ಮತ್ತೆ ಮತ್ತೆ ತೆರೆದುಕೊಳ್ಳುತ್ತಿದೆ. ಬರುವವರಿಲ್ಲ ಅಂತ ಗೊತ್ತಿದ್ದೂ ನಾನು ಬಾಗಿಲ ಕಡೆಗೇ ನೋಡುತ್ತಾ ಕೂತಿದ್ದೇನೆ.